ಬೆಳಗಿನ ಮೊದಲ ತೊಟ್ಟು ನೀರು

ಹದಿನಾರು ವರ್ಷ ನಾನು ಮಾಡಿದ ಕೆಲಸವನ್ನು ಏನೆಂದು ಕರೆಯಬೇಕೆಂದು ನಮ್ಮ ಮನೆಯವರಿಗೆ ಕೊನೆಗೂ ಗೊತ್ತಾಗಲಿಲ್ಲ. ಗಾಂಧಿ ಬಜಾರಿನಲ್ಲಿ ಪರಿಚಯದವರು ಸಿಕ್ಕಿ ಕೇಳಿದರೆ ನಮ್ಮ ಯಜಮಾನರು "ಇವಳು ಪೇಷೆಂಟ್‌ಗಳ ಮನೆಗೆ ಹೋಗ್ತಾಳೆ" ಎಂದು ಹೇಳಿ, ಕೂಡಲೇ ಅವರೆಕಾಯಿಯ ವಿಷಯ ತೆಗೆಯುತ್ತಿದ್ದರು. ಕಾಯಿಲೆ ವಾಸಿಯಾಗುವುದಿಲ್ಲವೆಂದು ಗೊತ್ತಾಗಿ ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಿಕೊಳ್ಳುವ ಒಂದು ಸಣ್ಣ ತಂಡ ನಮ್ಮದು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ ನನ್ನ ಪಾಲಿಗೆ ಬಂದಿದ್ದವು. ಮನೆಗೆ ಹೋಗಿ, ನೋವು ಎಷ್ಟಿದೆ, ನಿದ್ದೆ ಬಂತೇ, ಹೊಟ್ಟೆ ಸರಿಯಾಯಿತೇ ಎಂದು ಕೇಳಿ ಬರೆದುಕೊಂಡು, ನರ್ಸಿಗೂ ಡಾಕ್ಟರಿಗೂ ತಿಳಿಸುವುದು ನನ್ನ ಕೆಲಸ. ಮಕ್ಕಳು ದೊಡ್ಡವರಾದ ಮೇಲೆ, ಮಧ್ಯಾಹ್ನಗಳು ಉದ್ದವಾಗತೊಡಗಿದಾಗ ಸೇರಿದೆ. ಮಂಡಿ ಸವೆದು ಮೆಟ್ಟಿಲು ಹತ್ತಲಾಗದೆ, ಹೋದ ವರ್ಷ ಬಿಟ್ಟೆ.

ತಂಡಕ್ಕೆ ಹೊಸದಾಗಿ ಸೇರುವವರಿಗೆ ಏನಾದರೂ ಬರೆದುಕೊಡಿ ಎಂದು ಕೇಳಿದ್ದಾರೆ. ಔಷಧಿಯ ವಿಷಯವನ್ನು ನಿಮಗೆ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ನಾನು ಮಾಡಿದ ತಪ್ಪುಗಳನ್ನು ಮಾತ್ರ ನಾನೇ ಹೇಳಬೇಕು.

ಮೊದಲನೆಯದು ಮೊದಲ ದಿನವೇ ಆಯಿತು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಕಾಯಿಲೆಯವರ ಕೋಣೆಯಲ್ಲಿ ದನಿ ತಗ್ಗಿಸಿ ಮಾತಾಡಬೇಕೆಂದು ಅಲ್ಲಿನ ಸಿಸ್ಟರ್‌ಗಳು ಕಲಿಸಿದ್ದರು. ಮಲ್ಲೇಶ್ವರದಲ್ಲಿ ಒಬ್ಬ ನಿವೃತ್ತ ಲೆಕ್ಕದ ಮೇಷ್ಟರು. ಅವರ ಮಂಚದ ಪಕ್ಕ ಕೂತು, "ಹೇಗಿದೀರಿ ಸರ್" ಎಂದು ಆದಷ್ಟು ಮೆಲ್ಲಗೆ ಕೇಳಿದೆ. ಅವರು ಕಣ್ಣು ತೆರೆದು ನನ್ನನ್ನು ಚೆನ್ನಾಗಿ ನೋಡಿ, "ಯಾಕಮ್ಮ ಪಿಸುಗುಡ್ತೀರಿ, ನಾನಿನ್ನೂ ಹೋಗಿಲ್ಲ" ಅಂದರು. ಅಡುಗೆಮನೆಯಲ್ಲಿದ್ದ ಅವರ ಹೆಂಡತಿ ನಕ್ಕಿದ್ದು ಕೇಳಿಸಿತು. ಆ ಮನೆಯಲ್ಲಿ ಬಹಳ ದಿನದ ಮೇಲೆ ನಕ್ಕಿದ್ದು ಅಂತೆ, ಆಮೇಲೆ ಅವರೇ ಹೇಳಿದರು. ಅಂದಿನಿಂದ ನಾನು ಮಾಮೂಲಿ ದನಿಯಲ್ಲೇ ಮಾತಾಡುತ್ತೇನೆ.

ನನಗೆ ಕೆಲಸ ಕಲಿಸಿದವರು ನಮ್ಮ ಹಿರಿಯ ನರ್ಸ್ ಲಲಿತಮ್ಮ. ಎತ್ತರದ ಹೆಂಗಸು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಿರಬಿರನೆ ನಡೆಯುವವರು. ಹೊಗಳಿಕೆ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಮಾರ್ಫಿನ್ ಮಾತ್ರೆ ಶುರುಮಾಡಿದ ಮನೆಗೆ ಹೊಟ್ಟೆ ಸಡಿಲ ಮಾಡುವ ಮಾತ್ರೆಯನ್ನೂ ಕೊಡದೆ ಬರಬಾರದು ಎನ್ನುವುದು ಅವರ ಮೊದಲ ನಿಯಮ. "ನೋವು ಹೋಯ್ತು, ಹೊಟ್ಟೆ ಕಟ್ತು ಅಂದ್ರೆ ಆ ಮನುಷ್ಯ ನಮ್ಮನ್ನ ಆಶೀರ್ವಾದ ಮಾಡ್ತಾನಾ ವತ್ಸಲಾ ಅವ್ರೇ?" ಎಂದು ಕೇಳುತ್ತಿದ್ದರು. ಎರಡನೆಯ ನಿಯಮ, ಮಂಚದ ಮೇಲೆ ಕೂರಬಾರದು, ಸ್ಟೂಲು ಕೇಳಿ ತೆಗೆದುಕೊಳ್ಳಬೇಕು. ನಾವು ಕೂತ ಅಲುಗಾಟವೂ ಕೆಲವರಿಗೆ ನೋವು.

ಮೊದಮೊದಲು ನಾವು ಮಾತ್ರೆಯ ಹೊತ್ತನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದೆವು. ಓದಲು ಬಾರದವರೂ, ಕನ್ನಡಕ ಎಲ್ಲಿಟ್ಟಿದ್ದೇವೆಂದು ಮರೆಯುವವರೂ ತಪ್ಪಾಗಿ ಕೊಡುತ್ತಿದ್ದರು. ಆಮೇಲೆ ಸಣ್ಣ ಕಾಗದದ ಕವರುಗಳ ಮೇಲೆ ಚಿತ್ರ ಬರೆದು ಕೊಡತೊಡಗಿದೆವು. ಬೆಳಿಗ್ಗೆ ಆರಕ್ಕೆ ಹುಟ್ಟುವ ಸೂರ್ಯ, ಹತ್ತಕ್ಕೆ ಅರ್ಧ ಏರಿದ ಸೂರ್ಯ, ಎರಡಕ್ಕೆ ನೆತ್ತಿಯ ಸೂರ್ಯ, ಸಂಜೆ ಆರಕ್ಕೆ ಮುಳುಗುವ ಸೂರ್ಯ, ರಾತ್ರಿ ಹತ್ತಕ್ಕೆ ಚಂದ್ರ. ಚಂದ್ರನ ಕವರಿನಲ್ಲಿ ಎರಡು ಪಟ್ಟು ಮಾತ್ರೆ, ರಾತ್ರಿ ನಡುವೆ ಎಬ್ಬಿಸದೆ ಬೆಳಗಿನವರೆಗೆ ತಡೆಯಲಿ ಎಂದು. ಚಿತ್ರ ಬರೆಯುತ್ತಿದ್ದವಳು ನಾನು. ಜೊತೆಗೊಂದು ಚಾರ್ಟು, ಕೊಟ್ಟ ಕೂಡಲೇ ಟಿಕ್ ಹಾಕಬೇಕು. ಚಾರ್ಟು ತುಂಬಿದ್ದರೆ ನನಗೆ ಏನೋ ಸಮಾಧಾನ. ಅದರ ಒಂದು ಚೌಕ ಖಾಲಿ ಕಂಡರೂ ಮನಸ್ಸು ಸಣ್ಣಗಾಗುತ್ತಿತ್ತು. ಇದು ನನ್ನ ಗುಣ, ಶಾಲೆಯಿಂದಲೇ ಬಂದದ್ದು. ಇದರಿಂದ ಒಬ್ಬರಿಗೆ ಎಷ್ಟು ತೊಂದರೆಯಾಯಿತೆಂದು ಹೇಳುತ್ತೇನೆ.

ಅವರ ಹೆಸರು ಗುರುಬಸಪ್ಪ. ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡಿನ ಅಂಗಡಿ, ಮನೆ ಚಾಮರಾಜಪೇಟೆಯಲ್ಲಿ. ಹೆಂಡತಿ ನೀಲಮ್ಮನವರು, ಮಗ, ಸೊಸೆ ಸುಮಂಗಲಾ. ಪಿತ್ತಕೋಶದಲ್ಲಿ ಶುರುವಾದ ಕ್ಯಾನ್ಸರ್ ಲಿವರಿಗೆ ಹರಡಿತ್ತು. ಲಿಂಗವಂತರ ಮನೆ. ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಂಡಿದ್ದರು. ಸ್ಕ್ಯಾನ್ ಮಾಡಿಸಿದ ಕಡೆ ಎಲ್ಲರಿಗೂ ಮಾಡುವ ಹಾಗೆ ಅವರ ಕರಡಿಗೆಯನ್ನೂ ತೆಗೆಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮಗನ ಕೈಗೆ ಕೊಟ್ಟಿದ್ದರಂತೆ. ಅದು ವಾಪಸ್ ಕೊರಳಿಗೆ ಬರುವವರೆಗೆ ಬಾಯಿಗೆ ಹನಿ ನೀರು ಹಾಕಿರಲಿಲ್ಲ. ಆಮೇಲೆ, ಇನ್ನು ಆಸ್ಪತ್ರೆ ಬೇಡ, ಮನೆಯಲ್ಲೇ ಇರುತ್ತೇನೆ ಎಂದು ಬಂದವರು.

ಮೊದಲ ದಿನ ನಾನು ಅಭ್ಯಾಸದಂತೆ ಕೇಳಿದೆ: "ಸೊನ್ನೆಯಿಂದ ಹತ್ತರವರೆಗೆ ಎಣಿಸಿದ್ರೆ ನೋವು ಎಷ್ಟು ಅಂತೀರಿ?"

"ಅಂಗಡೀಲಿ ನಾವು ಕಾರ್ಡಿನ ನಂಬರ್ ಕೇಳ್ತಿದ್ವಿ, ನೀವು ನೋವಿನ ನಂಬರ್ ಕೇಳ್ತೀರಲ್ಲ ತಾಯಿ. ಏಳು ಅಂತ ಬರ್ಕೊಳ್ಳಿ. ಸ್ಯಾಂಪಲ್ ನೋಡಿ ಆಮೇಲೆ ಬದಲಾಯಿಸ್ಬಹುದಲ್ಲ?"

ಏಳು ಎಂದು ಬರೆದುಕೊಂಡೆ. "ಮತ್ತೆ ನಿಮಗೇನು ಆಗ್ಬೇಕು ಹೇಳಿ" ಅಂದೆ.

ಅವರು ತಮಾಷೆ ಬಿಟ್ಟರು. "ಕೂತು ಪೂಜೆ ಮಾಡ್ಬೇಕು. ಬಿದ್ಕೊಂಡು ಅಲ್ಲ, ಕೂತು. ತೂಕಡಿಸ್ತಾ ಅಲ್ಲ, ಎಚ್ಚರ ಇದ್ದು. ನನ್ನ ಕೈಯಲ್ಲಿ ನಾನೇ. ಅಷ್ಟು ಮಾಡ್ಕೊಡಿ, ಉಳಿದದ್ದು ಅವನಿಚ್ಛೆ."

ಅವರ ಪೂಜೆಯೆಂದರೆ ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು, ನೀರೆರೆದು, ವಿಭೂತಿ, ಬಿಲ್ವಪತ್ರೆ ಏರಿಸಿ, ಕಣ್ಣು ಕೀಳದೆ ಅದನ್ನೇ ನೋಡುತ್ತ ಅರ್ಧ ಗಂಟೆ ಕೂರುವುದು. ನಮ್ಮ ಫಾರಮ್ಮಿನಲ್ಲಿ ಇದನ್ನು ಬರೆಯಲು ಜಾಗವಿರಲಿಲ್ಲ. ನಾನು ಬರೆಯಲಿಲ್ಲ. ಆರು, ಹತ್ತು, ಎರಡು, ಆರು, ಹತ್ತು ಎಂದು ಕವರು ಮಾಡಿ, ಚಾರ್ಟು ಗೋಡೆಗೆ ಅಂಟಿಸಿ ಬಂದೆ.

ಎರಡು ವಾರ ಕಳೆಯಿತು. ನಾನು ಹೋಗುತ್ತಿದ್ದದ್ದು ಹನ್ನೊಂದರ ಸುಮಾರಿಗೆ. ಹೋದಾಗೆಲ್ಲ ಅವರು ಬಲಪಕ್ಕೆ ಹಿಡಿದುಕೊಂಡು ಮುರುಟಿ ಮಲಗಿರುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಕಲಸಿಹೋಗಿರುತ್ತಿತ್ತು. "ಪೂಜೆ ಆಯ್ತಾ?" ಎಂದರೆ "ಅರ್ಧ ಆಯ್ತು" ಎನ್ನುತ್ತಿದ್ದರು. ಚಾರ್ಟಿನಲ್ಲಿ ಮಾತ್ರ ಎಲ್ಲ ಚೌಕಕ್ಕೂ ಟಿಕ್. ಅಂದರೆ ಇಷ್ಟು ಮಾತ್ರೆಗೂ ನೋವು ಬಗ್ಗುತ್ತಿಲ್ಲ ಎಂದುಕೊಂಡೆವು. ನಾನು ಹಾಗೇ ವರದಿ ಮಾಡಿದೆ, ಡಾಕ್ಟರ್ ಡೋಸ್ ಏರಿಸಿದರು. ಮತ್ತೆ ಹಾಗೇ ವರದಿ ಮಾಡಿದೆ, ಮತ್ತೆ ಏರಿಸಿದರು. ಈಗ ಮಧ್ಯಾಹ್ನ ಪೂರ್ತಿ ಅವರಿಗೆ ಮಂಪರು. ಒಂದು ಸಂಜೆ ಮಗನನ್ನು ಗಿರಾಕಿ ಎಂದು ತಿಳಿದು "ಯಾವ ಕಾರ್ಡ್ ತೋರ್ಸ್ಲಿ?" ಎಂದು ಕೇಳಿದರಂತೆ. ಬೆಳಿಗ್ಗೆ ನೋವು ಕೂರಲು ಬಿಡದು, ಮಧ್ಯಾಹ್ನ ಮಂಪರು ಕಣ್ಣು ಬಿಡಲು ಬಿಡದು. ಅವರು ಕೇಳಿದ್ದ ಒಂದೇ ಒಂದು ವಿಷಯ ನಮ್ಮ ಕೈಯಿಂದಲೇ ಜಾರುತ್ತಿತ್ತು.

ಅಷ್ಟರಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ಹಬ್ಬದ ಹಿಂದಿನ ದಿನ ಕೃಷ್ಣರಾಜ ಮಾರುಕಟ್ಟೆಯ ಸುತ್ತ ಹೂವು, ಬಾಳೆಕಂದು, ಜನ ಸೇರಿ ಹೊತ್ತೇರಿದ ಮೇಲೆ ಆಟೋದವರು ಆ ಕಡೆ ತಿರುಗುವುದಿಲ್ಲ. ಅದಕ್ಕೆ ಬೇಗ ಹೊರಟು, ಏಳು ಗಂಟೆಗೆ ಮುಂಚೆಯೇ ಅವರ ಮನೆಯಲ್ಲಿದ್ದೆ.

ಗುರುಬಸಪ್ಪನವರು ಮಂಚದ ಮೇಲೆ ಕೂರಲು ಒದ್ದಾಡುತ್ತಿದ್ದರು. ಬೆನ್ನ ಹಿಂದಿನ ದಿಂಬು ಜಾರುತ್ತಿತ್ತು. ಅಂಗೈಯಲ್ಲಿ ಲಿಂಗ, ಅದು ಬಿದ್ದೀತೆಂದು ಬಲಗೈ ಅದಕ್ಕೆ ಅಡ್ಡ. ನನ್ನ ಕಣ್ಣು ಪಕ್ಕದ ಸ್ಟೂಲಿನ ಮೇಲೆ ಹೋಯಿತು. ನೀರಿನ ಲೋಟ ಮಗುಚಿಟ್ಟಿತ್ತು, ಒಳಗೂ ಹೊರಗೂ ಒಣಗಿತ್ತು. ಹುಟ್ಟುವ ಸೂರ್ಯನ ಕವರು ಅಂಟಿಸಿದ ಹಾಗೇ ಇತ್ತು. ಗೋಡೆಯ ಚಾರ್ಟಿನಲ್ಲಿ ಆವತ್ತಿನ ಆರು ಗಂಟೆಯ ಎದುರು ಟಿಕ್ ಬಿದ್ದಿತ್ತು.

ಸುಮಂಗಲಾ ಅಡುಗೆಮನೆಯಲ್ಲಿದ್ದಳು. ನಾನು ಏನೂ ಹೇಳದೆ ಕವರನ್ನು ಕಟ್ಟೆಯ ಮೇಲಿಟ್ಟೆ. ಅವಳು ಒಲೆ ಆರಿಸಿದಳು.

"ಮಾವ ಪೂಜೆಗೆ ಮುಂಚೆ ನೀರು ಮುಟ್ಟಲ್ಲ ಮೇಡಂ. ಇವತ್ತಿನ ಮಾತಲ್ಲ, ಚಿಕ್ಕಂದಿನಿಂದ ಹಂಗೆ. ಪೂಜೆ ಮಧ್ಯ ನೋವು ಬರುತ್ತೆ, ಮಲಗ್ತಾರೆ, ಮತ್ತೆ ಏಳ್ತಾರೆ. ಮುಗಿಯೋದ್ರಲ್ಲಿ ಹತ್ತು ದಾಟುತ್ತೆ. ಆಮೇಲೆ ಹತ್ತರ ಮಾತ್ರೆ ತಗೋತಾರೆ."

"ಹಾಗಾದ್ರೆ ಆರರ ಮಾತ್ರೆ?"

ಮೇಲಿನ ಗೂಡಿನಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿದಳು. ಎರಡು ವಾರದ ಸೂರ್ಯರು ಅದರೊಳಗೆ ಒಂದರ ಮೇಲೊಂದು ಜೋಡಿಸಿಕೊಂಡು ಕೂತಿದ್ದರು. "ಎಸೆಯೋಕೆ ಭಯ ಆಯ್ತು" ಅಂದಳು.

"ಟಿಕ್ ಯಾಕೆ ಹಾಕಿದೆ ಸುಮಾ?"

ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ನೀವು ಒಳಗೆ ಬಂದ ತಕ್ಷಣ ಮಾವನ್ನ ನೋಡೋಕ್ಕಿಂತ ಮುಂಚೆ ಆ ಚಾರ್ಟ್ ನೋಡ್ತೀರಿ. ಎರಡನೇ ದಿನ ಖಾಲಿ ಬಿಟ್ಟಿದ್ದೆ. ನಿಮ್ಮ ಮುಖ ಇಷ್ಟು ಸಣ್ಣಗಾಯ್ತು. ಏನೂ ಅನ್ನಲಿಲ್ಲ ನೀವು, ಅದಕ್ಕೇ ಇನ್ನೂ ಬೇಜಾರಾಯ್ತು."

ಈ ಮಾತನ್ನು ನಾನು ಹಾಗೇ ಬರೆದಿದ್ದೇನೆ. ನೀವೂ ಹಾಗೇ ನೆನಪಿಟ್ಟುಕೊಳ್ಳಿ.

ಲಲಿತಮ್ಮನಿಗೆ ಫೋನು ಮಾಡಿದೆ. ಪೂರ್ತಿ ಕೇಳಿ ಅವರು ಅಂದದ್ದು ಇಷ್ಟೇ: "ಹಾಗಾದ್ರೆ ಎರಡು ವಾರ ನಾವು ಔಷಧಿ ಕೊಟ್ಟಿದ್ದು ಯಾರಿಗೆ ವತ್ಸಲಾ ಅವ್ರೇ? ಆ ಚಾರ್ಟಿಗೆ." ಆಮೇಲೆ ದನಿ ಬದಲಾಯಿಸಿ, "ಆರರ ಮಾತ್ರೆ ಕೊಡಿ ಅಂತ ಈಗ್ಲೇ ಹೇಳ್ಬೇಡಿ. ಏರಿಸಿರೋ ಡೋಸಿನ ಮೇಲೆ ಅದೂ ಸೇರಿದ್ರೆ ಎಚ್ಚರಾನೇ ಆಗಲ್ಲ. ಡಬ್ಬಿ ಎತ್ತಿಟ್ಕೊಳ್ಳಿ, ಎಲ್ಲ ವಾಪಸ್ ಬರ್ಬೇಕು. ಡಾಕ್ಟರ್ ಹತ್ರ ಮಾತಾಡಿ ನಾನೇ ಬರ್ತೀನಿ" ಎಂದರು.

ಹನ್ನೊಂದಕ್ಕೆ ಆಟೋ ಸಿಗದೆ ಮಾರುಕಟ್ಟೆಯ ಕಡೆಯಿಂದ ನಡೆದೇ ಬಂದರು, ತಲೆಯ ಮೇಲೆಲ್ಲ ಸೇವಂತಿಗೆಯ ಎಸಳು. ಡಾಕ್ಟರ್ ಡೋಸನ್ನು ಮೊದಲಿನ ಅಳತೆಗೆ ಇಳಿಸಿದ್ದರು. ಆದರೆ ಅದು ಕೆಲಸ ಮಾಡಬೇಕಾದರೆ ಬೆಳಿಗ್ಗೆ ಆರಕ್ಕೂ ಮಾತ್ರೆ ಒಳಗೆ ಹೋಗಲೇಬೇಕು. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ನನ್ನ ಇನ್ನೊಂದು ತಪ್ಪು. "ಔಷಧಿಗೆ ದೋಷ ಇರಲ್ಲ ಅಲ್ವಾ, ದೇವರು ಏನೂ ಅಂದ್ಕೊಳ್ಳಲ್ಲ" ಅಂದುಬಿಟ್ಟೆ. ಅವರ ದೇವರ ಪರವಾಗಿ ಮಾತಾಡಲು ನನ್ನನ್ನು ಕಳಿಸಿದವರು ಯಾರು?

ಗುರುಬಸಪ್ಪನವರು ಸಿಟ್ಟಾಗಲಿಲ್ಲ. "ದೋಷ ಅಂತ ನಾನೆಲ್ಲಿ ಹೇಳ್ದೆ ತಾಯಿ. ಬುದ್ಧಿ ಬಂದಾಗಿಂದ ದಿನದ ಮೊದಲ ತೊಟ್ಟು ನೀರು ಲಿಂಗಕ್ಕೆ ಹೋಗಿದೆ. ಆಮೇಲೆ ನನಗೆ. ಈಗ ನೋಯ್ತಿದೆ ಅಂತ ನಾನು ಮುಂದೆ ನುಗ್ಲಾ?"

ಹೊಸ್ತಿಲ ಬಳಿ ಕೂತು ಮರುದಿನದ ಬಿಲ್ವಪತ್ರೆ ಆರಿಸುತ್ತಿದ್ದ ನೀಲಮ್ಮನವರು ಎರಡು ವಾರದಲ್ಲಿ ನಮ್ಮೆದುರು ಬಾಯಿ ಬಿಟ್ಟವರಲ್ಲ. ಎಲೆಯಿಂದ ಕಣ್ಣೆತ್ತದೆ ಹೇಳಿದರು: "ಮುಂದೆ ನುಗ್ಗಿ ಅಂತ ಯಾರು ಹೇಳಿದ್ರು. ಲಿಂಗಕ್ಕೇ ಮೊದಲು ಕೊಡಿ. ಮಲಗಿದ ಹಂಗೇ ಅಂಗೈಲಿ ಇಟ್ಕೊಳ್ಳಿ, ನಾನು ಒಂದು ಚಮಚ ನೀರು ಹಾಕ್ತೀನಿ. ಆ ನೀರಲ್ಲೇ ಮಾತ್ರೆ ನುಂಗಿ. ನೋವು ಇಳಿದ ಮೇಲೆ ಕೂತು ಮಾಡೋ ಪೂಜೆ ನಿಧಾನಕ್ಕೆ ಮಾಡಿ."

"ಎರಡು ಸಾರಿ ಪೂಜೆ ಆಗುತ್ತಲ್ಲೇ."

"ಆಗ್ಲಿ. ಅಂಗಡಿ ಬಾಗಿಲಿಗೆ ತೆಗೆಯುವಾಗ ಒಂದು ಸಾರಿ, ಹಾಕುವಾಗ ಒಂದು ಸಾರಿ ಕೈ ಮುಗೀತಿದ್ರಿ. ಅಲ್ಲಿ ಜಾಸ್ತಿ ಆಗ್ಲಿಲ್ಲ, ಇಲ್ಲಿ ಜಾಸ್ತಿ ಆಗುತ್ತಾ?"

ಅವರು ಹೆಂಡತಿಯನ್ನು ನೋಡಿದರು, ನಮ್ಮನ್ನು ನೋಡಿದರು. "ಇವಳು ಇಷ್ಟು ದಿನ ಎಲ್ಲಿದ್ಲು ಕೇಳಿ ಸ್ವಲ್ಪ" ಅಂದರು.

"ನೀವು ಕೇಳಿದ್ರಾ?" ಎಂದು ನೀಲಮ್ಮನವರು ಎಲೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಮೂರನೆಯ ದಿನ ಏಳೂವರೆಗೆ ನಾನು ಹೋದೆ. ಆರಕ್ಕೆ ಮಲಗಿದಲ್ಲೇ ಲಿಂಗಕ್ಕೆ ನೀರು ಮುಟ್ಟಿಸಿ, ಕೆಳಗೆ ಹಿಡಿದ ಬಟ್ಟಲಿನ ಆ ನೀರಿನಲ್ಲಿ ಮಾತ್ರೆ ನುಂಗಿದ್ದರು. ಈಗ ಕೂರಬೇಕಿತ್ತು. ದಿಂಬು ಜಾರುತ್ತದಲ್ಲ, ಅದಕ್ಕೆ ಸುಮಂಗಲಾ ಒಂದು ಉಪಾಯ ಮಾಡಿದ್ದಳು. ಮಂಚದ ಮೇಲೆ ಮಾವನ ಬೆನ್ನಿಗೆ ಬೆನ್ನು ಕೊಟ್ಟು, ಬಾಗಿಲಿನ ಕಡೆ ಮುಖ ಮಾಡಿ ಕೂತಳು. ಇಬ್ಬರ ನಡುವೆ ಮಡಿಸಿದ ಒಂದು ಕೌದಿ. ಅವರು ಮುಂದೆ ಬಾಗಿದರೆ ಅವಳು ಹಿಂದೆ ಬಾಗುತ್ತಿದ್ದಳು, ಅವರು ಒರಗಿದರೆ ಗಟ್ಟಿಯಾಗಿ ನಿಲ್ಲುತ್ತಿದ್ದಳು. ಯಾವ ತರಬೇತಿಯಲ್ಲೂ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಲಿಂಗ ಅಂಗೈಗೆ ಬಂದ ಕೂಡಲೇ ಅವರ ಕೈಯ ನಡುಕ ನಿಂತಿತೆಂದು ಬರೆದರೆ ಸುಳ್ಳಾಗುತ್ತದೆ. ನಡುಗುತ್ತಲೇ ಇತ್ತು. ನೀರು ಬೆರಳ ಸಂದಿಯಿಂದ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತಲೇ ಇತ್ತು. ಆದರೆ ಅವರ ಕಣ್ಣು ಅಲುಗಲಿಲ್ಲ. ಹೊರಗೆ ತರಕಾರಿಯವನು ಕೂಗಿದ, ಪಕ್ಕದ ಮನೆಯ ಕುಕ್ಕರ್ ಮೂರು ಸಲ ಕೂಗಿತು, ಬೀದಿಯಲ್ಲಿ ಯಾರೋ ಸ್ಕೂಟರಿನ ಕಿಕ್ ಹೊಡೆದು ಹೊಡೆದು ಸುಸ್ತಾದರು. ಆ ಮನುಷ್ಯ ತನ್ನ ಅಂಗೈಯನ್ನು ನೋಡುತ್ತಿದ್ದರು. ನಾನು ಎಷ್ಟೋ ಪೂಜೆ ನೋಡಿದವಳು, ಶಾಲೆಯ ಚಾಪೆಲಿನಲ್ಲಿ ಮಂಡಿಯೂರಿ ಕೂತವಳು. ಒಬ್ಬರು ಇಷ್ಟು ಪೂರ್ತಿಯಾಗಿ ಒಂದು ಕಡೆ ಇರುವುದನ್ನು ನೋಡಿದ್ದು ಅಲ್ಲೇ. ಉಸಿರು ಜೋರಾಗಿ ಬಿಡಲೂ ನನಗೆ ಸಂಕೋಚವಾಯಿತು.

ಮುಗಿಸಿ ಕರಡಿಗೆ ಕಟ್ಟಿಕೊಂಡು, ನನ್ನ ಕಡೆ ತಿರುಗಿ, "ಈಗ ನಂಬರ್ ಕೇಳಿ" ಅಂದರು.

"ಎಷ್ಟು?"

"ಇದೆ. ಎರಡೋ ಮೂರೋ. ಇರ್ಲಿ ಬಿಡಿ, ಅದೂ ಬಂದು ಕೂತ್ಕೊಳ್ಳಲಿ ಪೂಜೆಗೆ."

ಆ ವಾರವೇ ಲಲಿತಮ್ಮ ನಮ್ಮ ಫಾರಮ್ಮಿನ ಮೇಲ್ತುದಿಯಲ್ಲಿ, ನೋವಿನ ಪ್ರಶ್ನೆಗಿಂತ ಮೇಲೆ, ಪೆನ್ನಿನಲ್ಲಿ ಒಂದು ಸಾಲು ಸೇರಿಸಿದರು: ದಿನದ ಯಾವ ಹೊತ್ತಿನಲ್ಲಿ ನೀವು ಎಚ್ಚರವಾಗಿ, ನೋವಿಲ್ಲದೆ ಇರಬೇಕು? ಈಗ ನಿಮಗೆ ಕೊಡುವ ಫಾರಮ್ಮಿನಲ್ಲಿ ಅದು ಅಚ್ಚಾಗಿದೆ. ಹೊಸಬರು ಬೇಗ ಬೇಗ ದಾಟಿಹೋಗುವ ಪ್ರಶ್ನೆ ಇದು, ನಾನು ನೋಡಿದ್ದೇನೆ. ದಾಟಬೇಡಿ. ಬಸವನಗುಡಿಯ ಒಬ್ಬ ಅಜ್ಜಿ "ನಾಲ್ಕು ಗಂಟೆ" ಅಂದರು. ಮೊಮ್ಮಗಳು ಶಾಲೆಯಿಂದ ಬಂದು ಜಡೆ ಬಿಚ್ಚಿಸಿಕೊಳ್ಳುವ ಹೊತ್ತು. ಅಜ್ಜಿಯ ಎರಡು ಗಂಟೆಯ ಮಾತ್ರೆಯನ್ನು ಮೂರಕ್ಕೆ ತಂದೆವು. ಡಾಕ್ಟರಿಗೆ ಅದು ಒಂದು ಗಂಟೆಯ ವ್ಯತ್ಯಾಸ. ಒಬ್ಬೊಬ್ಬರ ದಿನದಲ್ಲಿ ಅವರ ಬದುಕೆಲ್ಲ ಬಂದು ಸೇರಿಕೊಂಡಿರುವ ಅರ್ಧ ಗಂಟೆ ಒಂದಿರುತ್ತದೆ. ಅದನ್ನು ಕೇಳಿ ತಿಳಿದುಕೊಂಡು, ಔಷಧಿಯನ್ನು ಅದರ ಸುತ್ತ ಜೋಡಿಸಬೇಕು. ನಾವು ಅಷ್ಟು ದಿನ ಮಾಡುತ್ತಿದ್ದದ್ದು ತಿರುಗುಮುರುಗು.

ಗುರುಬಸಪ್ಪನವರು ಅದಾದ ಮೇಲೆ ಐದು ವಾರ ಇದ್ದರು. ಒಂದು ಬೆಳಿಗ್ಗೆಯೂ ಕೂತು ಮಾಡುವ ಪೂಜೆ ತಪ್ಪಲಿಲ್ಲ. ನುಂಗಲು ಆಗದಾದಾಗ ಲಲಿತಮ್ಮ ತೋಳಿನ ಚರ್ಮದ ಕೆಳಗೆ ಸಣ್ಣ ಸೂಜಿ ಇಟ್ಟು, ಅದರಲ್ಲೇ ಔಷಧಿ ಕೊಡುವುದನ್ನು ಸುಮಂಗಲಾಗೆ ಕಲಿಸಿದರು. ಅದಕ್ಕೂ ಮುಂಚೆ ಲಿಂಗಕ್ಕೆ ಒಂದು ಚಮಚ ನೀರು ಹೋಗುತ್ತಿತ್ತು. ಆ ನೀರಿನಲ್ಲಿ ಬೆರಳದ್ದಿ ನೀಲಮ್ಮನವರು ಅವರ ತುಟಿ ಒರೆಸುತ್ತಿದ್ದರು.

ಕೊನೆಯ ವಾರ ಉಸಿರಾಟ ಕೆಟ್ಟಿತು. ಮಗ ಹೆದರಿ, ಆಸ್ಪತ್ರೆಗೆ ಸೇರಿಸೋಣ ಎಂದ. ತಂದೆಯ ಮೇಲಿನ ಪ್ರೀತಿಯಿಂದಲೇ ಹಾಗೆಂದದ್ದು, ಅವನನ್ನು ಯಾರೂ ದೂರಬಾರದು. ಗುರುಬಸಪ್ಪನವರು ಒಂದೊಂದೇ ಮಾತು ಹೊರಡಿಸಿ ಕೇಳಿದರು: "ಅಲ್ಲಿ ಬೆಳಿಗ್ಗೆ ನನ್ನ ಬೆನ್ನಿಗೆ ಯಾರು ಕೂರ್ತಾರಪ್ಪ?" ಮಗ ಫೋನನ್ನು ಜೇಬಿಗೆ ಹಾಕಿಕೊಂಡ.

ಅದಾದ ನಾಲ್ಕನೆಯ ಬೆಳಿಗ್ಗೆ ನಾನು ಹೋದಾಗ ಪೂಜೆ ಶುರುವಾಗಿತ್ತು. ಬಾಗಿಲಿನ ಬಳಿ ಸ್ಟೂಲಿನ ಮೇಲೆ ಕೂತೆ. ನನಗೆ ಕಾಣುತ್ತಿದ್ದದ್ದು ಸುಮಂಗಲಾಳ ಮುಖ, ಅವಳ ಹಿಂದೆ ಅವರ ತಲೆ ಮತ್ತು ಭುಜ. ನೀಲಮ್ಮನವರು ಎದುರಿಗೆ ನಿಂತು, ತಮ್ಮ ಅಂಗೈಯನ್ನು ಗಂಡನ ಅಂಗೈ ಕೆಳಗೆ ಆಸರೆಗೆ ಹಿಡಿದಿದ್ದರು. ಗುರುಬಸಪ್ಪನವರ ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಬಂದಾಗೆಲ್ಲ ಸುಮಂಗಲಾಳ ಭುಜ ಸ್ವಲ್ಪ ಮೇಲೇಳುತ್ತಿತ್ತು. ಒಂದು ಸಲ ಎದ್ದು ಇಳಿದದ್ದು ಮತ್ತೆ ಏಳಲಿಲ್ಲ. ಅವಳು ನನ್ನ ಕಡೆ ನೋಡಿದಳು. ಕಣ್ಣು ತುಂಬಿತು, ಮೈ ಅಲುಗಲಿಲ್ಲ. ಅವಳು ಅಲುಗಿದರೆ ಅವರು ಬೀಳುತ್ತಿದ್ದರು.

ನೀಲಮ್ಮನವರಿಗೆ ಗೊತ್ತಾಗಿತ್ತು. "ಸುಮಾ, ಹಂಗೇ ಇರು" ಎಂದರು. ಬಟ್ಟಲಿನಲ್ಲಿ ಉಳಿದಿದ್ದ ಒಂದು ಪತ್ರೆಯನ್ನು ಎತ್ತಿ, ಗಂಡನ ಬೆರಳುಗಳನ್ನು ತಮ್ಮ ಬೆರಳಿನಿಂದ ಹಿಡಿದು, ಲಿಂಗದ ಮೇಲೆ ಇಡಿಸಿದರು. ಗಂಡ ದಿನಾ ಕೂರುತ್ತಿದ್ದಷ್ಟು ಹೊತ್ತೂ ಅದನ್ನು ನೋಡುತ್ತ ನಿಂತೇ ಇದ್ದರು. ಆಮೇಲೆ ಲಿಂಗವನ್ನು ಒರೆಸಿ, ಕರಡಿಗೆಯಲ್ಲಿಟ್ಟು, ಕೊರಳಿಗೆ ಕಟ್ಟಿ, ಗಂಟು ಸರಿಯಾಗಿದೆಯೇ ಎಂದು ಎಳೆದು ನೋಡಿದರು. ಲಲಿತಮ್ಮನಿಗೆ ಫೋನು ಮಾಡಬೇಕೆಂದೂ ನನಗೆ ಹೊಳೆಯಲಿಲ್ಲ.

"ಅತ್ತೆ, ಮಲಗ್ಸೋಣ್ವಾ?" ಎಂದು ಸುಮಂಗಲಾ ಕೇಳಿದಳು.

ಲಿಂಗವಂತರಲ್ಲಿ ಹೋದವರನ್ನು ಕೂರಿಸಿಯೇ ಕರೆದೊಯ್ಯುವುದು, ಕೂತ ಹಾಗೇ ಮಣ್ಣಿಗೆ ಇಳಿಸುವುದು ಎಂದು ನನಗೆ ಗೊತ್ತಾದದ್ದು ಆವತ್ತು.

"ಬೇಡ" ಎಂದರು ನೀಲಮ್ಮನವರು. ಸೆರಗು ಸರಿಮಾಡಿಕೊಂಡು ಮಂಚ ಹತ್ತಿದರು. "ಎಷ್ಟು ದಿನ ಕೂತಿದೀಯ ನೀನು. ನಿಧಾನಕ್ಕೆ ಏಳು ಮಗಳೇ, ನಾನು ಕೂರ್ತೀನಿ."